ನೂರಾ ಒಂದು ಹೋಳಿಗೆ, ಹದಿನಾರು ಪರ್ಸೆಂಟ್

ಮುನವಳ್ಳಿಯ ಹೊರಗೆ, ಹೋಟೆಲ್ಲಿನ ಪಕ್ಕದ ತಗಡಿನ ನೆರಳಲ್ಲಿ ವಿರಾಜಮಾನರಾಗಿರುವ ಶ್ರೀ ಫಾಸ್ಟ್ ಚಾರ್ಜಿಂಗ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಬೈಲಹೊಂಗಲದಿಂದ ಅನ್ನಪೂರ್ಣಾ ಮಾಡುವ ಶರಣು ಶರಣಾರ್ಥಿ. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಇದ್ದಲ್ಲಿಯೇ, ಇದ್ದಷ್ಟೇ ಪರ್ಸೆಂಟಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಕಳೆದ ಸೋಮವಾರ ಮುಂಜಾನೆ ಒಂಬತ್ತಕ್ಕೆ ನಮ್ಮ ಹೊಸ ಕರೆಂಟಿನ ಕಾರು ತಮ್ಮ ಮುಂದೆ ಬಂದು ನಿಂತದ್ದು ನೆನಪಿರಬಹುದು. ಅಂದು ರಾಮದುರ್ಗದಲ್ಲಿ ನನ್ನ ಮೊಮ್ಮಗಳು ಐಶ್ವರ್ಯಾಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಎತ್ತಿ, ತವರಿನ ಬುತ್ತಿ ಉಣ್ಣಿಸುವ ದಿನ. ಆರತಿ ಹನ್ನೆರಡರೊಳಗೆ ಆಗಬೇಕಿತ್ತು. ಮದುವೆಯಲ್ಲಿ ನಾವು ಅರ್ಧ ತಾಸು ತಡವಾಗಿ ಬಂದದ್ದಕ್ಕೆ ಅವಳ ಅತ್ತೆ ರಾಚವ್ವನವರು "ಬೈಲಹೊಂಗಲದಾಗ ಗಡಿಯಾರ ಸಿಗೂದಿಲ್ಲೇನ್ರಿ?" ಎಂದು ಹತ್ತು ಜನರೆದುರು ಕೇಳಿದ್ದರು. ಅದಕ್ಕೆ ಉತ್ತರವಾಗಿಯೇ ಈ ಸಲ ಹೊಸ ಕಾರು, ಬುತ್ತಿಯಲ್ಲಿ ನಾನೇ ಒಲೆಯ ಮುಂದೆ ಕುಳಿತು ಮಾಡಿದ ನೂರಾ ಒಂದು ಶೇಂಗಾ ಹೋಳಿಗೆ.

ಬ್ಯಾಟರಿ ಆರು ಪರ್ಸೆಂಟಿಗೆ ಇಳಿದದ್ದು ಹೇಗೆಂದು ತಾವು ಕೇಳಬಹುದು. ಹಿಂದಿನ ದಿನ ಕಿತ್ತೂರಿನ ಬಳಗವನ್ನೆಲ್ಲ ಕಾರಿನಲ್ಲಿ ಕೂರಿಸಿ, ಎಸಿ ಹಾಕಿಸಿ, ಕೋಟೆಯ ಕಡೆಗೆ ನಾಲ್ಕು ಸಲ ತಿರುಗಿಸಿದವರು ಯಾರು ಎಂಬುದು ಈ ಪತ್ರದ ವಿಷಯವಲ್ಲ.

ನನ್ನ ಮಗ ವಿರೂಪಾಕ್ಷ ತಮ್ಮ ಕೊಳವೆಯನ್ನು ಕಾರಿಗೆ ಜೋಡಿಸಿದ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಶೇಕಡಾ ಲೆಕ್ಕ ನನಗೆ ಬರುತ್ತದೆ. ಆರರಿಂದ ಏಳಕ್ಕೆ ತಾವು ಏರುವಷ್ಟರಲ್ಲಿ ಹೋಟೆಲ್ಲಿನವರು ಒಂದು ಡಬರಿ ಅವಲಕ್ಕಿ ಒಗ್ಗರಣೆ ಹಾಕಿ, ಮಾರಿ, ಡಬರಿ ತೊಳೆದಿಟ್ಟಿದ್ದರು. ನಡುನಡುವೆ ತಾವು ಪರದೆಯ ಮೇಲೆ 'ಧನ್ಯವಾದಗಳು' ಎಂದು ತೋರಿಸಿ ಕರೆಂಟು ನಿಲ್ಲಿಸಿಬಿಡುತ್ತಿದ್ದ ಸೌಜನ್ಯವನ್ನು ನಾನು ಬೇರೆ ಯಾವ ಯಂತ್ರದಲ್ಲೂ ಕಂಡಿಲ್ಲ. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಭರಮಪ್ಪ ಒಂದು ತಾಸಿನಲ್ಲಿ ಇಡೀ ಓಣಿಯ ಜೋಳ ಬೀಸಿಕೊಡುತ್ತಾನೆ, ಆದರೂ ಬೋರ್ಡಿನ ಮೇಲೆ 'ಫಾಸ್ಟ್' ಎಂದು ಬರೆಸಿಕೊಂಡಿಲ್ಲ. ತಾವು ಹದಿನೈದು ದಿನ ರಜೆ ಹಾಕಿ ಅವನ ಕೈಕೆಳಗೆ ಇದ್ದು ಬರಬೇಕೆಂದು ವಿನಂತಿ.

ಇಷ್ಟರಲ್ಲಿ ನಮ್ಮ ಹಿಂದಿನ ಕಾರಿನಲ್ಲಿದ್ದ ಗೌಸಬಿ ಎಂಬ ಹೆಣ್ಣುಮಗಳು, "ಮುಂಜಾನಿಂದ ಕುಂತೀರಿ ಅಕ್ಕಾರ, ಸ್ವಲ್ಪ ಬಾಯಾಡಸ್ರಿ" ಎಂದು ಚುರುಮುರಿಯ ಡಬ್ಬಿ ಕೈಗೆ ಕೊಟ್ಟಳು. ಬಂದ ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲವಾದ್ದರಿಂದ ಬುತ್ತಿ ಬಿಚ್ಚಿ ಐದು ಹೋಳಿಗೆ ಹಾಕಿದೆ. ಅವಳಿಗೆ ಕೊಟ್ಟ ಮೇಲೆ ಅವಳ ಹಿಂದೆ ನಿಂತ ನಿವೃತ್ತ ಮಾಸ್ತರ ಬಸವಣ್ಣೆಪ್ಪನವರ ಎದುರು ಬುತ್ತಿ ಕಟ್ಟುವುದು ಹೇಗೆ? ಅಷ್ಟರಲ್ಲಿ ಎಲ್ಲಮ್ಮನ ಗುಡ್ಡದಿಂದ ಮರಳುತ್ತಿದ್ದ ಹನ್ನೊಂದು ಜನರ ಮನೆತನ ಬಂತು. ತಾವು ಧನ್ಯವಾದ ಹೇಳಿದಾಗಲೆಲ್ಲ ಇನ್ನೊಂದು ಕಾರು ಬಂತು. ಪರ್ಸೆಂಟಿಗೆ ಹತ್ತು ಹೋಳಿಗೆಯಂತೆ ಕಾರು ಏರಿತು, ಬುತ್ತಿ ಇಳಿಯಿತು. ಹದಿನಾರಾದಾಗ ಉಳಿದದ್ದು ಒಂದೇ ಹೋಳಿಗೆ. ಅದನ್ನು ಯಾರಿಗೂ ಕಾಣದಂತೆ ಕಾಗದದಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡೆ.

ಇಪ್ಪತ್ತಾಗದೆ ಹೊರಡುವಂತಿಲ್ಲವೆಂದು ವಿರೂಪಾಕ್ಷ ನನಗೆ ಹೇಳದೆ ಬೀಗರಿಗೆ ಫೋನ್ ಮಾಡಿದ್ದ. ಹನ್ನೊಂದೂವರೆಗೆ ಹೊಗೆ ಉಗುಳುತ್ತ ಒಂದು ಹಳೆಯ ಟ್ರ್ಯಾಕ್ಸ್ ಜೀಪು ಬಂದು ನಿಂತಿತು. ಅದರಿಂದ ಆರತಿ ತಟ್ಟೆ ಹಿಡಿದ ರಾಚವ್ವನವರು ಇಳಿದರು, ಹಿಂದೆಯೇ ನನ್ನ ಐಶ್ವರ್ಯಾ. "ಬುತ್ತಿ ಎಲ್ಲೈತ್ರಿ ಅವ್ವಾರ?" ಎಂದು ಅವರು ಕೇಳಿದಾಗ, ಅರವತ್ತೆಂಟು ವರ್ಷ ಯಾರೆದುರೂ ತಲೆ ತಗ್ಗಿಸದ ನಾನು ತಮ್ಮ ಪರದೆಯನ್ನು ನೋಡುತ್ತ ನಿಂತೆ. ಬಸವಣ್ಣೆಪ್ಪ ಮಾಸ್ತರರು ತುಪ್ಪದ ಕೈ ಒರೆಸಿಕೊಳ್ಳುತ್ತ, "ಬುತ್ತಿ ನಮ್ಮ ಹೊಟ್ಟ್ಯಾಗ ಐತ್ರೀ ತಾಯಿ" ಎಂದರು. "ಅಜ್ಜಿ, ನನಗ ಒಂದರ ಇಟ್ಟೀಯೋ ಇಲ್ಲೋ?" ಎಂದು ಕೈಯೊಡ್ಡಿದಳು ಐಶ್ವರ್ಯಾ. ಸೆರಗಿನೊಳಗಿನದನ್ನು ತೆಗೆದು ಅವಳ ಬಾಯಿಗೇ ಇಟ್ಟೆ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ತಮ್ಮ ತಗಡಿನ ಕೆಳಗೆ ಆರತಿಯಾಯಿತು. ತಡವಾಗಲಿಲ್ಲ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು. ಗೌಸಬಿಯೂ ಗುಡ್ಡದ ಮನೆತನದವರೂ ಹರಸಿದರು. ರಾಚವ್ವನವರು ನನ್ನ ಕೈ ಹಿಡಿದು, "ಗಡಿಯಾರ ಸಿಕ್ಕೈತಿ ನಿಮಗ, ಕರೆಂಟ್ ಒಂದ ಸಿಕ್ಕಿಲ್ಲ" ಎಂದರು. ನಾನು ನಗಲಿಲ್ಲ, ಆದರೆ ಅವರ ಟ್ರ್ಯಾಕ್ಸಿನಲ್ಲಿಯೇ ರಾಮದುರ್ಗಕ್ಕೆ ಊಟಕ್ಕೆ ಹೋದೆ.

ಆದ್ದರಿಂದ ತಾವು 'ಫಾಸ್ಟ್' ಎಂಬ ಪದವನ್ನು ಅಳಿಸಿ 'ಮಂಗಲ ಕಾರ್ಯಾಲಯ' ಎಂದು ಬರೆಸಿ, ನಾಲ್ಕು ಜಮಖಾನೆ ಇಟ್ಟುಕೊಳ್ಳಬೇಕು. ಮತ್ತು ನಾನು ತಂದದ್ದು ನೂರಾ ಒಂದೇ ಎಂದು ರಾಚವ್ವನವರ ಹೆಸರಿಗೆ ತಮ್ಮ ಪರದೆಯ ಮೇಲೆ ಒಂದು ಪ್ರಮಾಣಪತ್ರ ತೋರಿಸಬೇಕು.

ತಮ್ಮೆದುರು ಕೂತು ಕೂತು ಆದ,
ತಮ್ಮ ವಿಶ್ವಾಸಿ,
ಅನ್ನಪೂರ್ಣಾ ಸಂಗಪ್ಪ ತುರಮರಿ

ತಾ.ಕ.: ಐಶ್ವರ್ಯಾಳ ಹೆರಿಗೆಗೆ ಇನ್ನೆರಡು ತಿಂಗಳಿವೆ. ತೊಟ್ಟಿಲ ಕಾರ್ಯಕ್ಕೆ ಬೇಕಾಗುತ್ತದೆಂದು ಕಾರನ್ನು ಇಂದೇ ತಮ್ಮಲ್ಲಿಗೆ ಕಳಿಸುತ್ತಿದ್ದೇನೆ. ಕೂಸು ಮೊದಲು ಬರುತ್ತದೆಯೋ ತಮ್ಮ ನೂರು ಪರ್ಸೆಂಟೋ, ನೋಡೋಣ.