ಚಲುವರಾಜುವಿನ ಅಧಿಕೃತ ಮುಖ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಇವತ್ತಿನ ದಿನ ಅಸುರಕ್ಷಿತ ವೆಲ್ಡರ್ ಎಂಬುವವನು ಒಬ್ಬನೂ ಇಲ್ಲ. ಇದು ನಾಲ್ಕು ತಾಲ್ಲೂಕುಗಳ ಬೆಸುಗೆ ಸುರಕ್ಷತಾ ಕೋಶವು ಸಹಿ, ಮೊಹರು ಸಮೇತ ಪ್ರಕಟಿಸಿರುವ ಸಂಗತಿಯಾದ್ದರಿಂದ ಯಾರೂ ಸಂಶಯಪಡಬೇಕಾದ ಅಗತ್ಯವಿಲ್ಲ. ಕಟ್ಟಕಡೆಗೆ ಉಳಿದುಕೊಂಡಿದ್ದ ಒಬ್ಬನೇ ಒಬ್ಬ ಅಸುರಕ್ಷಿತ ವ್ಯಕ್ತಿಯೆಂದರೆ ಪಾಂಡವಪುರದ ಚಲುವರಾಜು. ಅವನನ್ನು ಸುರಕ್ಷಿತನನ್ನಾಗಿ ಮಾಡುವಷ್ಟರಲ್ಲಿ ಕೋಶದವರಿಗೆ ಸಾಕುಸಾಕಾಗಿ ಹೋಯಿತು.

ಚಲುವರಾಜುವಿನ ವೆಲ್ಡಿಂಗ್ ಶಾಪು ಊರಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿದೆ. ಮನೆ ಅದರ ಹಿಂದೆಯೇ. ಕಬ್ಬಿನ ಟ್ರೇಲರಿನ ಮುರಿದ ಕೊಂಡಿ, ದನದ ಕೊಟ್ಟಿಗೆಯ ಕಂಬಿ, ಮದುವೆಗೆ ಮುಂಚೆ ಆಗಲೇಬೇಕಾದ ಗೇಟು, ಎಲ್ಲ ಅಲ್ಲಿಗೇ ಬರುತ್ತವೆ. ಆಸಾಮಿಗೆ ಐವತ್ತು ದಾಟಿದೆ. ನಾಲಗೆ ಉದ್ದ, ಜಂಬ ಅದಕ್ಕಿಂತ ಒಂದು ಗೇಣು ಉದ್ದ. ಆ ಜಂಬವೆಲ್ಲ ಕಣ್ಣಿನದು. ಇಷ್ಟು ವರ್ಷ ಬೆಂಕಿಯ ಮುಂದೆ ಕೂತರೂ ಕನ್ನಡಕ ಬಂದಿಲ್ಲ. ಪೇಪರಿನಲ್ಲಿ ಇರುವೆ ಸಾಲಿನಂತಿರುವ ಟೆಂಡರ್ ನೋಟೀಸನ್ನೂ ಗಡಗಡ ಓದುತ್ತಾನೆ. ಓದಿ ಸುಮ್ಮನಿದ್ದರೆ ಪರವಾಗಿರಲಿಲ್ಲ, ಓದಲಾರದವರನ್ನು ಆಡಿಕೊಳ್ಳುತ್ತಾನೆ.

ಇದಕ್ಕೆಲ್ಲ ಕಾರಣ ಅವನ ಶೀಲ್ಡು. ಒಂದೇ ಒಂದು ಚುಕ್ಕಿಯಷ್ಟು ಬೆಸುಗೆ ಹಾಕಬೇಕಾದರೂ ಕಪ್ಪು ಗಾಜಿನ ಶೀಲ್ಡನ್ನು ಮುಖಕ್ಕೆ ಇಳಿಸದೆ ವೆಲ್ಡಿಂಗ್ ರಾಡು ಮುಟ್ಟಿಸುವವನಲ್ಲ. ಕೈಗೆ ಚರ್ಮದ ಗ್ಲೌಸು, ಕಾಲಿಗೆ ಬೂಟು, ನಿಲ್ಲುವ ಕಡೆ ಒಣಗಿದ ಮರದ ಹಲಗೆ, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ಟು. ಹೋಗಿಬರುವವರ ಕಣ್ಣಿಗೆ ಬೆಳಕು ಹೊಡೆಯದಿರಲೆಂದು ರಸ್ತೆ ಕಡೆಗೆ ಕಬ್ಬಿಣದ ತಗಡಿನ ಮರೆ. ಯಾರಾದರೂ ಇಣುಕಿದರೋ, "ಏನ್ಲಾ, ಸಿನಿಮಾ ಓಡ್ತಾ ಅದಾ ಇಲ್ಲಿ? ಆ ಕಡೀಕ್ ತಿರುಗ್ಲಾ! ರಾತ್ರಿಗೆ ಕಣ್ಣಿಗೆ ಮರ್ಳು ಉಯ್ದಂಗಾಯ್ತದೆ, ಆಮ್ಯಾಕೆ ನಿಮ್ಮವ್ವ ಬಂದು ನನ್ ಬೈತಾಳೆ," ಎಂದು ರೇಗುತ್ತಿದ್ದ.

ಎದುರು ಸಾಲಿನ ದೇವರಾಜುದು ಇನ್ನೊಂದು ಪದ್ಧತಿ. ಅವನೂ ವೆಲ್ಡರೇ, ಆದರೆ ಬರಿಗಣ್ಣಿನ ವೆಲ್ಡರು. ಶೀಲ್ಡು ಹಿಡಿದರೆ ಒಂದು ಕೈ ದಂಡ ಎಂಬುದು ಅವನ ವಾದ. ವರ್ಷದ ಅಷ್ಟೂ ದಿನ ಅವನ ಕಣ್ಣು ಊದಿಕೊಂಡು ಕೆಂಪಗಿರುತ್ತಿದ್ದುದರಿಂದ ಹೊಸಬರು ಅವನನ್ನು ಕುಡುಕನೆಂದು ತಿಳಿದು ಅಡ್ವಾನ್ಸ್ ಕೊಡಲು ಹಿಂಜರಿಯುತ್ತಿದ್ದರು.

ಹೀಗಿರಲಾಗಿ, ನಾಲ್ಕು ತಾಲ್ಲೂಕಿನ ವೆಲ್ಡರುಗಳು ಕಣ್ಣಿಗೆ ರಕ್ಷಣೆಯಿಲ್ಲದೆ ಕೆಲಸ ಮಾಡುತ್ತಿದ್ದಾರೆಂಬ ವಿಷಯ ಮೇಲಿನವರ ಗಮನಕ್ಕೆ ಬಂತು. ಅವರು ಬಹಳವಾಗಿ ನೊಂದುಕೊಂಡರು. ನೊಂದುಕೊಂಡವರು ಒಂದು ಕೋಶ ಸ್ಥಾಪಿಸಿ, 'ಸುರಕ್ಷಾ ನೇತ್ರ' ಎಂಬ ಆ್ಯಪ್ ಮಾಡಿಸಿ, ನಿಯಮಾವಳಿ ಹೊರಡಿಸಿದರು. ಅದರಲ್ಲಿ ನಮಗೆ ಬೇಕಾದವು ಇಷ್ಟು:

"ನಿಯಮ ೪: ವೆಲ್ಡರನು ಮುಖರಕ್ಷಕವನ್ನು ಹೊಂದಿರತಕ್ಕದ್ದು.

ನಿಯಮ ೫: ಬೇರೊಬ್ಬರು ಹಾಜರಾಗಿ ಇಲಾಖೆಗೆ ಮೋಸ ಮಾಡುವುದನ್ನು ತಡೆಯುವ ಸಲುವಾಗಿ, ಕಿಡಿ ಹೊತ್ತಿರುವ ಸಮಯದಲ್ಲೇ ವೆಲ್ಡರನ ಮುಖವು ಕಿವಿಯಿಂದ ಕಿವಿಯವರೆಗೆ, ಕಣ್ಣು ತೆರೆದ ಸ್ಥಿತಿಯಲ್ಲಿ, ಕ್ಯಾಮೆರಾಗೆ ಗೋಚರಿಸತಕ್ಕದ್ದು. ನಿಯಮ ೪ರ ಮುಖರಕ್ಷಕವು ಇದಕ್ಕೆ ಅಡ್ಡಬರತಕ್ಕದ್ದಲ್ಲ.

ನಿಯಮ ೯: ತಪಾಸಣೆಯ ವೇಳೆ ಬೆಸೆದ ವಸ್ತುವನ್ನು ಹೆಚ್ಚಿನ ಪರಿಶೀಲನೆಗಾಗಿ ಅಧಿಕಾರಿಯು ತನ್ನ ವಶಕ್ಕೆ ಪಡೆಯತಕ್ಕದ್ದು."

ಕೋಶದ ಅಧಿಕಾರಿ ರಘುನಂದನ್ ಶ್ರೀರಂಗಪಟ್ಟಣದವರು. ಮೆದು ಮಾತಿನ, ಅಂಗಿಯ ಇಸ್ತ್ರಿ ಮುದುರದ ಮನುಷ್ಯ. ಆ ದಿನಗಳಲ್ಲಿ ಅವರು ಮನೆಯ ಮೇಲೆ ಇನ್ನೊಂದು ಅಂತಸ್ತು ಎತ್ತಿಸುತ್ತಿದ್ದುದಕ್ಕೂ, ತಪಾಸಣೆಗೆ ಬರುವಾಗ ಗೂಡ್ಸ್ ಆಟೋದಲ್ಲಿ ಮೆಟ್ಟಿಲ ಕಂಬಿಯ ತುಂಡುಗಳನ್ನು ತರುತ್ತಿದ್ದುದಕ್ಕೂ ಸಂಬಂಧ ಕಲ್ಪಿಸುವುದು ಸಣ್ಣತನವಾಗುತ್ತದೆ. ತಪಾಸಣೆಯೆಂದ ಮೇಲೆ ಏನನ್ನಾದರೂ ಬೆಸೆಯಲೇಬೇಕಲ್ಲ.

ಮೊದಲ ತಪಾಸಣೆಯ ದಿನ ಚಲುವರಾಜು ಮದುವಣಿಗನ ಹಾಗೆ ಸಿದ್ಧನಾಗಿ ನಿಂತಿದ್ದ. ಗ್ಲೌಸು, ಬೂಟು, ಶೀಲ್ಡು ಎಲ್ಲ ಫಳಫಳ. ರಘುನಂದನ್ ಮೊಬೈಲು ಎತ್ತಿ ಹಿಡಿದರು. ಇವನು ಶೀಲ್ಡು ಇಳಿಸಿ ರಾಡು ಮುಟ್ಟಿಸಿದ. ಮೊಬೈಲು ಕೀಚಲು ದನಿಯಲ್ಲಿ, "ವ್ಯಕ್ತಿ ಕಾಣುತ್ತಿಲ್ಲ. ಸುರಕ್ಷತೆ ಸೊನ್ನೆ," ಎಂದಿತು.

"ಕಾಣದೆ ಎಲ್ಲಿಗೋದೆ? ಇಲ್ಲೇ ನಿಂತಿಲ್ವಾ ಕೋಣ ಇದ್ದಂಗೆ!" ಎಂದ ಚಲುವರಾಜು.

"ನೀವು ನಿಂತಿದೀರಿ ಚಲುವರಾಜು ಅವರೇ, ನಾನು ಇಲ್ಲ ಅಂತ ಹೇಳ್ತಿಲ್ಲ. ಆದ್ರೆ ಆ್ಯಪಿಗೆ ಕಾಣ್ತಿಲ್ಲ. ಶೀಲ್ಡು ಒಂಚೂರು ಮೇಲೆತ್ತಿ."

"ಕಿಡಿ ಉರಿಯೋವಾಗ ಶೀಲ್ಡ್ ಎತ್ತುದ್ರೆ ಕಣ್ಣು ಏನಾಯ್ತವೆ ಸಾ?"

"ಕಣ್ಣಿನ ಸುರಕ್ಷತೆಗೋಸ್ಕರಾನೇ ಅಲ್ವಾ ನಾವು ಇಷ್ಟೆಲ್ಲ ಓಡಾಡ್ತಿರೋದು?" ಎಂದರು ರಘುನಂದನ್, ನೊಂದ ದನಿಯಲ್ಲಿ.

ಮರಳಿನ ಬಕೆಟ್ಟು, ಮರದ ಹಲಗೆ, ತಗಡಿನ ಮರೆಯನ್ನೆಲ್ಲ ಅವನು ತೋರಿಸಿದ. ಅವನ್ನು ಆ್ಯಪಿನಲ್ಲಿ ಕೇಳಿಲ್ಲವೆಂದು ತಿಳಿಸಲಾಯಿತು. ಅಲ್ಲಿಂದ ಅಧಿಕಾರಿ ರಸ್ತೆ ದಾಟಿ ದೇವರಾಜುವಿನ ಶಾಪಿಗೆ ಹೋದರು. ಅವನು ಎಂದಿನಂತೆ ಬರಿಗಣ್ಣಿನಲ್ಲಿ ಕಿಡಿಯನ್ನು ನೋಡುತ್ತ ಕಂಬಿ ಅಂಟಿಸಿದ. ಮೊಬೈಲು ಹಿಗ್ಗಿ, "ಅಭಿನಂದನೆಗಳು! ಸುರಕ್ಷತೆ ನೂರಕ್ಕೆ ನೂರು," ಎಂದು ಎದುರು ಸಾಲಿಗೂ ಕೇಳುವಂತೆ ಕೂಗಿತು. ಜೀವನದಲ್ಲಿ ಎಂದೂ ಪಾಸಾಗದಿದ್ದ ದೇವರಾಜುವಿನ ಕಣ್ಣಲ್ಲಿ ನೀರು ಬಂತು. ಹಾಗೆ ನೋಡಿದರೆ ಅವನ ಕಣ್ಣಲ್ಲಿ ಯಾವಾಗಲೂ ನೀರು ಬರುತ್ತಿತ್ತು.

ಚಲುವರಾಜುವಿಗೆ ಮೈಯೆಲ್ಲ ಉರಿದುಹೋಯಿತು. "ಆ ಕುರುಡ್ ನನ್ಮಗ ಸುರಕ್ಷಿತನಂತೆ, ನಾನು ಸೊನ್ನೆಯಂತೆ! ನೋಡ್ತಿರು, ಈ ಮಿಸಿನ್ನಿಗೆ ಬುದ್ಧಿ ಕಲಿಸ್ತೀನಿ," ಎಂದು ಹೆಂಡತಿ ದೊಡ್ಡತಾಯಮ್ಮನ ಮುಂದೆ ಕೂಗಾಡಿ, ಫ್ಲೆಕ್ಸ್ ಅಂಗಡಿಗೆ ಹೋಗಿ ತನ್ನ ಮುಖವನ್ನು ನಿಜದ ಅಳತೆಗೆ ಪ್ರಿಂಟು ಹಾಕಿಸಿಕೊಂಡು ಬಂದ. ಅಂಗಡಿಯವನು ಅಭ್ಯಾಸಬಲದಿಂದ ಮೂಲೆಯಲ್ಲಿ 'ಹುಟ್ಟುಹಬ್ಬದ ಶುಭಾಶಯಗಳು' ಎಂದೂ ಹಾಕಿದ್ದ. ಅದನ್ನು ಕತ್ತರಿಸಿ, ಶೀಲ್ಡಿನ ಗಾಜು ಹಣೆಯ ಜಾಗಕ್ಕೆ ಬರುವಂತೆ ತೂತು ಬಿಟ್ಟು, ಮುಖವನ್ನು ಶೀಲ್ಡಿನ ಮೇಲೆ ಅಂಟಿಸಿದ್ದಾಯಿತು.

ಎರಡನೇ ತಪಾಸಣೆಯಲ್ಲಿ ಮೊಬೈಲು ಅವನ ಗುರುತು ಹಿಡಿಯಿತು. ಹಿಡಿದು, "ದಯವಿಟ್ಟು ಕಣ್ಣು ಮಿಟುಕಿಸಿ," ಎಂದಿತು. ಶೀಲ್ಡಿನ ಒಳಗೆ ಚಲುವರಾಜು ಪಟಪಟನೆ ಮಿಟುಕಿಸಿದ. ಹೊರಗಿನ ಫ್ಲೆಕ್ಸು ಮಿಟುಕಿಸಲಿಲ್ಲ. "ಜೀವಂತ ವ್ಯಕ್ತಿಯಲ್ಲ," ಎಂದು ಮೊಬೈಲು ಷರಾ ಬರೆಯಲು ಹೊರಟಾಗ ರಘುನಂದನ್ ಗಾಬರಿಯಾಗಿ ಅದನ್ನು ಆರಿಸಿಬಿಟ್ಟರು.

"ಇದು ಮೇಲಕ್ಕೆ ಹೋಗಿದ್ರೆ ನಿಮ್ಮ ರೇಷನ್ ಕಾರ್ಡಿಂದಾನೂ ಹೆಸರು ಹೋಗ್ತಿತ್ತು. ನಿಮ್ಮ ಮೇಲಿನ ಅಭಿಮಾನಕ್ಕೆ ತಡೆದೆ," ಎಂದರು. ಆವತ್ತಿನ ಪರಿಶೀಲನೆಗೆ ಮೂರು ಮೆಟ್ಟಿಲಿನ ಕಂಬಿಯ ಜೊತೆಗೆ ಒಂದು ಹೂಕುಂಡದ ಸ್ಟ್ಯಾಂಡೂ ಹೋಯಿತು.

ಅದಾದ ಮೇಲೆ ಊರ ತುಂಬ ಆಟೋದಲ್ಲಿ ಮೈಕು ಕಟ್ಟಿ ಸಾರಲಾಯಿತು: "ಸಾರ್ವಜನಿಕರ ಗಮನಕ್ಕೆ. ಪದೇ ಪದೇ ಮುಖ ಮರೆಸಿಕೊಂಡು ಕೆಲಸ ಮಾಡುತ್ತಿರುವ ಚಲುವರಾಜು ಎಂಬುವವರು ತಮ್ಮ ಪ್ರಾಣಕ್ಕೆ ತಾವೇ ಅಪಾಯ ತಂದುಕೊಂಡಿರುತ್ತಾರೆ. ಬರುವ ಸೋಮವಾರದೊಳಗಾಗಿ ಸುರಕ್ಷಿತರಾಗದಿದ್ದಲ್ಲಿ ಇವರ ಶಾಪಿನ ಕರೆಂಟು ತೆಗೆಸಲಾಗುವುದು. ಸದರಿಯವರಿಂದ ಮಕ್ಕಳನ್ನು ದೂರವಿಡುವುದು."

ಕಬ್ಬು ಕಟಾವಿನ ಕಾಲ. ಮುರಿದ ಟ್ರೇಲರುಗಳು ಶಾಪಿನ ಮುಂದೆ ಸಾಲು ನಿಲ್ಲುವ ಹೊತ್ತು. ಮೈಕು ಕೇಳಿದ ಟ್ರ್ಯಾಕ್ಟರಿನವರು ಒಬ್ಬೊಬ್ಬರಾಗಿ ಎದುರು ಸಾಲಿಗೆ ತಿರುಗಿಕೊಂಡರು. ಕಣ್ಣು ಕೊಟ್ಟರೆ ಶಾಪು ಉಳಿಯುತ್ತದೆ, ಶಾಪು ಬಿಟ್ಟರೆ ಕಣ್ಣು ಉಳಿಯುತ್ತದೆ. ಎರಡೂ ಬೇಕೆಂದರೆ ನಿಯಮದಲ್ಲಿ ಅವಕಾಶವಿಲ್ಲ.

"ನನ್ ಕಣ್ಣಮ್ಮಿ ಇವು. ಇವೆರಡೇ ಕಣಮ್ಮಿ ನಂದು ಅಂತ ಇರಾದು," ಎಂದ ಚಲುವರಾಜು ಹೆಂಡತಿಗೆ, ದನಿ ಇಳಿಸಿ.

ದೊಡ್ಡತಾಯಮ್ಮ ಒರಟು ಹೆಂಗಸಲ್ಲ, ಆದರೆ ಲೆಕ್ಕ ಬಲ್ಲವಳು. "ಕಣ್ಣೋದ್ರೆ ಕೈ ಇಡ್ಕಂಡು ನಾನ್ ನಡುಸ್ತೀನಿ. ಸಾಪೋದ್ರೆ ನಮ್ಮಿಬ್ರನ್ನೂವೆ ಯಾರ್ ನಡುಸ್ತಾರೆ? ಒಂದ್ ಗಳ್ಗೆ ತಾನೆ, ನೋಡ್ಬುಡು ಅತ್ಲಾಗೆ," ಎಂದಳು. ಹೇಳಿದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಸೋಮವಾರ ಚಲುವರಾಜು ಶೀಲ್ಡನ್ನು ಪಕ್ಕಕ್ಕಿಟ್ಟು ಬರಿಮುಖದಲ್ಲಿ ರಾಡು ಮುಟ್ಟಿಸಿದ. ಮೊಬೈಲು ಒಂದೇ ಸಲಕ್ಕೆ ಸುಮ್ಮನಾಗಲಿಲ್ಲ. ಕಣ್ಣು ಪೂರ್ತಿ ತೆರೆಯಿರಿ ಎಂದಿತು, ಮಿಟುಕಿಸಿ ಎಂದಿತು, ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಬೆಳಕು ಸಾಲದು ಇನ್ನೂ ಹತ್ತಿರ ಬನ್ನಿ, ನಗುಮುಖ ಬೇಡ ಎಂದಿತು. ನಗುವುದಕ್ಕೆ ಅವನಿಗೆ ಯಾವ ಕಾರಣವೂ ಇರಲಿಲ್ಲ, ಅದು ಹಲ್ಲು ಕಚ್ಚಿದ್ದು. ಕಡೆಗೆ ನೂರಕ್ಕೆ ನೂರು ಬಂತು. ದೇವರಾಜು ರಸ್ತೆ ದಾಟಿ ಬಂದು ಕೈಕುಲುಕಿದ.

ಬೆಳಗಾಗುವಷ್ಟರಲ್ಲಿ ಚಲುವರಾಜುವಿನ ಕಣ್ಣಿಗೆ ಯಾರೋ ಖಾರದಪುಡಿ ಬೆರೆಸಿದ ಮರಳು ತುಂಬಿದಂತಾಗಿತ್ತು. ರೆಪ್ಪೆಗಳು ಊದಿ ಬೋಂಡಾ ಆಗಿದ್ದವು, ಮುಖ ಸುಟ್ಟ ಬದನೇಕಾಯಿ. ಕಣ್ಣಿನ ಮೇಲೆ ಆಲೂಗೆಡ್ಡೆಯ ಬಿಲ್ಲೆ ಇಟ್ಟುಕೊಂಡು ಅಂಗಾತ ಮಲಗಿ, "ಅಯ್ಯಯ್ಯೋ, ಸುರಕ್ಷಿತ ಆಗ್ಬುಟ್ನಲ್ಲಮ್ಮೀ!" ಎಂದು ನರಳುತ್ತಿದ್ದ. ಅಷ್ಟರಲ್ಲಿ ರಘುನಂದನ್ ಪ್ರಮಾಣಪತ್ರ ಹಿಡಿದು ಬಂದರು. ಕೊಡುವ ಮುನ್ನ ಮುಖ ತಾಳೆ ನೋಡಬೇಕಿತ್ತು. ಆಲೂಗೆಡ್ಡೆ ತೆಗೆಸಿ ಮೊಬೈಲು ಹಿಡಿದರು.

"ಈ ವ್ಯಕ್ತಿ ಚಲುವರಾಜು ಅಲ್ಲ," ಎಂದಿತು ಮೊಬೈಲು.

ದೊಡ್ಡತಾಯಮ್ಮ ಮುಂದೆ ಬಂದು, "ಅವ್ನೇ ಕಣ್ ಸ್ವಾಮಿ, ನಂಗೊತ್ತಿಲ್ವಾ," ಎಂದಳು. ಆಕೆಯ ಹೇಳಿಕೆಗೆ ಆ್ಯಪಿನಲ್ಲಿ ಜಾಗವಿರಲಿಲ್ಲ. ರಘುನಂದನ್ ಹಣೆ ಉಜ್ಜಿಕೊಂಡು, ಮೇಲಿನವರಿಗೆ ಫೋನು ಮಾಡಿ, ಒಪ್ಪಿಗೆ ಪಡೆದು ಪರಿಹಾರ ಸೂಚಿಸಿದರು. ಹಳೆಯ ಮುಖವನ್ನು ರದ್ದುಪಡಿಸಿ, ಪ್ರಸ್ತುತ ಮುಖವನ್ನೇ ಅಧಿಕೃತ ಮುಖವೆಂದು ನೋಂದಾಯಿಸುವುದು. ಒಂದು ಸಲ ಮಾತ್ರ ಅವಕಾಶ, ಮತ್ತೆ ಬದಲಾಯಿಸುವಂತಿಲ್ಲ. ಊದಿದ ಕಣ್ಣಿನ ಸೀಳಿನಲ್ಲೇ ಚಲುವರಾಜು ಒಂದು ಸಲ ಮಿಟುಕಿಸಿದ. ಪ್ರಮಾಣಪತ್ರದಲ್ಲಿ ಆ ಮುಖವೇ ಅಚ್ಚಾಗಿ ಬಂತು. ಸೋರೆಬುರುಡೆಗೆ ಮೀಸೆ ಬರೆದ ಹಾಗಿತ್ತು.

ಕರೆಂಟು ಉಳಿಯಿತು. ಟ್ರೇಲರುಗಳು ವಾಪಸು ಬಂದವು. ಒಂದು ವಾರದಲ್ಲಿ ಕಣ್ಣೂ ತಿಳಿಯಾಯಿತು, ಚಲುವರಾಜು ಶೀಲ್ಡು ಇಳಿಸಿ ಮೊದಲಿನ ಹಾಗೆ ಕೆಲಸಕ್ಕೆ ಕೂತ. ಎಲ್ಲ ಸುಖಾಂತ್ಯವಾಯಿತೆನ್ನುವಾಗ ಮಾಸಿಕ ತಪಾಸಣೆ ಬಂತು.

"ಈ ವ್ಯಕ್ತಿ ಚಲುವರಾಜು ಅಲ್ಲ."

"ಥೂ ಇದ್ರ ಮನೆ ಕಾಯೋಗ! ವಾಸಿಯಾಗದೂ ತಪ್ಪಾ ಸಾ?"

"ತಪ್ಪು ಅಂತ ಯಾರೂ ಹೇಳ್ತಿಲ್ಲ," ಎಂದರು ರಘುನಂದನ್ ಸಮಾಧಾನದಿಂದ. "ವಾಸಿಯಾಗೋದು ನಿಮ್ಮ ವೈಯಕ್ತಿಕ ವಿಚಾರ. ಆದ್ರೆ ದಾಖಲೆಗೆ ಹೊಂದಬೇಕು. ಈಗ ರೇಷನ್ನು, ಬ್ಯಾಂಕು ಎಲ್ಲಕ್ಕೂ ಇದೇ ಮುಖ ಜೋಡಿಸಿದಾರೆ. ನಾನು ನಾಡಿದ್ದು ಬರ್ತೀನಿ. ಅಷ್ಟರಲ್ಲಿ ಒಸಿ ನೋಡ್ಕೊಳ್ಳಿ." ನೋಡಿಕೊಳ್ಳಿ ಎಂದವರು ಕಣ್ಣಿನಿಂದಲೇ ವೆಲ್ಡಿಂಗ್ ಮಿಷನ್ನಿನ ಕಡೆ ತೋರಿಸಿದರು.

ವಿಚಾರಿಸಿದಾಗ ನಾಲ್ಕೂ ತಾಲ್ಲೂಕಿನಲ್ಲಿ ಇದೇ ಕ್ರಮ ಜಾರಿಯಲ್ಲಿರುವುದು ತಿಳಿಯಿತು. ಕಿಕ್ಕೇರಿಯ ವೆಲ್ಡರುಗಳು ತಪಾಸಣೆಯ ಹಿಂದಿನ ದಿನ ಒಟ್ಟಿಗೆ ಕೂತು ಕಿಡಿ ನೋಡುತ್ತಾರೆ. ಬೆಳ್ಳೂರು ಕ್ರಾಸಿನಲ್ಲಿ ಆಲೂಗೆಡ್ಡೆಯನ್ನು ಬಿಲ್ಲೆ ಹೆಚ್ಚಿಯೇ ಮಾರುತ್ತಾರೆ. "ನಂಗಂತೂ ಏನೂ ತಾಪತ್ರಯ ಇಲ್ಲ ಕಣ್ಲಾ," ಎಂದ ದೇವರಾಜು. "ನನ್ ಮುಖ ಪರ್ಮನೆಂಟು." ಕೋಶವು ಅವನನ್ನು ವರ್ಷದ ಮಾದರಿ ವೆಲ್ಡರ್ ಎಂದು ಘೋಷಿಸಿ ಶಾಲು ಹೊದಿಸಿತು. ತನಗೆ ಹೊದಿಸುತ್ತಿರುವವರು ಯಾರೆಂದು ಅವನು ಪಕ್ಕದವರನ್ನು ಕೇಳಿ ತಿಳಿದುಕೊಂಡು ಕೈಮುಗಿದ. ರಘುನಂದನ್ ಅವರ ಮೆಟ್ಟಿಲ ಪರಿಶೀಲನೆ ಮುಗಿದು ಈಗ ಕಾಂಪೌಂಡಿನ ಗೇಟಿನ ಪರಿಶೀಲನೆ ನಡೆದಿದೆ.

ಚಲುವರಾಜುವೂ ಈಗ ಎಲ್ಲರ ಹಾಗೆಯೇ. ತಿಂಗಳಿಗೊಂದು ಸಲ, ತಪಾಸಣೆಯ ಮುನ್ನಾದಿನ, ಮಧ್ಯಾಹ್ನದ ಊಟ ಮುಗಿಸಿ, ಶೀಲ್ಡನ್ನು ಮೊಳೆಗೆ ತಗುಲಿಹಾಕಿ, ಒಂದು ರಾಡು ಪೂರ್ತಿ ಬರಿಗಣ್ಣಿನಲ್ಲಿ ಉರಿಸುತ್ತಾನೆ. ಜಗಳವಿಲ್ಲ, ಕೂಗಾಟವಿಲ್ಲ. ಮೊನ್ನೆಯೂ ಹಾಗೆಯೇ ಉರಿಸಿ, ಸಂಜೆ ಕಾಫಿಗೆಂದು ಒಳಗೆ ಬಂದು, ನೀರು ಸುರಿಯುತ್ತಿದ್ದ ಕಣ್ಣನ್ನು ಒರೆಸಿಕೊಳ್ಳದೆ ಮುಖವನ್ನು ಹೆಂಡತಿಯ ಮುಂದೆ ಹಿಡಿದ.

ದೊಡ್ಡತಾಯಮ್ಮ ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ಪ್ರಮಾಣಪತ್ರವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿದಳು.

"ಇನ್ನೂ ನಿನ್ ತರ ಕಾಣ್ತಿಲ್ಲ ಕಣ್ ಬುಡು," ಎಂದಳು. "ಇನ್ನೊಂದ್ ರಾಡು ನೋಡ್ಕಂಡ್ ಬಾ, ಕಾಫಿ ಬಿಸಿ ಮಾಡಿ ಮಡಗಿರ್ತೀನಿ."

ಅವನು ಎದ್ದು ಹೋದ.