ಕೊಲೆಸ್ಟ್ರಾಲ್ ಮಾತ್ರೆಗೆ ಚಕ್ಕೋತದ ಅನುಪಾನ

ನನ್ನ ಗಂಡ ಸೋಮಾರಿ ಎಂದರೆ ನೀವು ನಂಬಲಾರಿರಿ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವರೇ ತೊಡೆ ಹಿಡಿದುಕೊಂಡು ಬಂದು "ಅಯ್ಯಮ್ಮಾ" ಎಂದು ಕುಸಿದು ಕೂರುತ್ತಾರೆ. ನಿಮ್ಮ ಕರುಳು ಚುರುಕ್ ಎನ್ನುತ್ತದೆ, ನಾನು ರಾಕ್ಷಸಿಯಾಗುತ್ತೇನೆ.

ಖಿದಿರ್‌ಪುರದ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿರುವ ಈ ರಘುಪತಿರಾಯರಿಗೆ ಕಳೆದ ದುರ್ಗಾಪೂಜೆಯ ಹೊತ್ತಿಗೆ ಕೊಲೆಸ್ಟ್ರಾಲ್ ಎಂಬ ರಾಜರೋಗ ಪತ್ತೆಯಾಯಿತು. (ಲೂಚಿ ಎಂಬ ಮೈದಾ ಪೂರಿ, ರಸಗುಲ್ಲಾ ತಿಂದದ್ದು ಕಚೇರಿಯಲ್ಲಿ, ಅಪವಾದ ಬಂದದ್ದು ನಾನು ಕರಿದ ಬನ್ಸಿಗೆ.) ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಉಡುಪಿಯ ನನ್ನ ತವರಿನಲ್ಲಿ ಅನುಪಾನವಿಲ್ಲದೆ ಔಷಧಿಯೇ ಇಲ್ಲ. ಅಜ್ಜಿ ಪ್ರತಿ ಗುಳಿಗೆಗೂ ಜೇನನ್ನೋ ಶುಂಠಿರಸವನ್ನೋ ಜೊತೆ ಮಾಡುತ್ತಿದ್ದರು. ಬರೀ ನೀರಿನಲ್ಲಿ ನುಂಗಿದರೆ ಮದ್ದಿಗೆ ಅವಮಾನ! ಕೊಬ್ಬು ಕರಗಿಸಲು ಹುಳಿಯೇ ಸೈ ಎಂದು ತೀರ್ಮಾನಿಸಿ, ಲೇಕ್ ಗಾರ್ಡನ್ಸ್ ಬಜಾರಿನಲ್ಲಿ ರಾಶಿ ಬಿದ್ದಿದ್ದ ಬಾತಾಬಿ ಲೇಬು, ಅಂದರೆ ನಮ್ಮ ಚಕ್ಕೋತ, ತರಿಸಿ ದಿನವೂ ದೊಡ್ಡ ಲೋಟ ರಸ ಹಿಂಡಿ ಕೊಡತೊಡಗಿದೆ.

ತಿಂಗಳೊಳಗೆ ಇವರಿಗೆ ತೊಡೆನೋವು, ತೋಳುನೋವು. ಬಜಾರಿನ ಚೀಲ ಕಂಡರೆ ಕೈಕಾಲುಗಳ ಅನಿರ್ದಿಷ್ಟ ಮುಷ್ಕರ. ಎಡರಂಗದ ಈ ಊರಿನಲ್ಲಿ ಮುಷ್ಕರಕ್ಕೆ ಯಾರೂ ಕಾರಣ ಕೇಳುವುದಿಲ್ಲ. ನಾನು ಕೇಳಿದೆ.

"ಆಲೂಗಡ್ಡೆ ತರ್ಲಿಕ್ಕೆ ಹೇಳಿದ್ರೆ ಮಾತ್ರ ನೋವಾ?"

"ಮೆಟ್ಟಿಲು ಹತ್ತಲಿಕ್ಕೂ ಆಗುದಿಲ್ಲ ಅಂಬುಜಾ. ತೊಡೆಯನ್ನು ಯಾರೋ ಕುಟ್ಟಿದ ಹಾಗೆ ಆಗ್ತದೆ."

"ಇಸ್ಪೀಟು ಕಲಸ್ಲಿಕ್ಕೆ ಮಾತ್ರ ಕೈ ಬರ್ತದಲ್ಲ?"

"ಇಸ್ಪೀಟಿಗೆ ಎಂತ ಭಾರ ಉಂಟು ಮಾರಾಯ್ತಿ?"

ಈ ನಾಟಕಕ್ಕೆ ಮಂಗಳ ಹಾಡಿಸಲೆಂದೇ ನಾನು ಇವರನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ರಕ್ತಪರೀಕ್ಷೆಯಾಯಿತು. ಫಲಿತಾಂಶ ನೋಡಿದ ಡಾಕ್ಟರ ಮುಖ ಗಂಭೀರವಾಯಿತು.

"ಬೌದಿ, ಇವರ ನೋವು ನಿಜ" ಎಂದರು, ನನ್ನನ್ನು ಬಂಗಾಳಿಯಲ್ಲಿ ಅತ್ತಿಗೆಯೆಂದು ಕರೆದು, ಉಳಿದದ್ದನ್ನು ಹಿಂದಿಯಲ್ಲಿ. "ಈ ಮಾತ್ರೆ ಕೆಲವರ ಸ್ನಾಯುಗಳನ್ನು ಕಾಡುತ್ತದೆ. ಆದರೆ ಸಣ್ಣ ಪ್ರಮಾಣಕ್ಕೆ ಇಷ್ಟೊಂದು? ಜೊತೆಗೆ ಬೇರೇನಾದರೂ ಕೊಡುತ್ತಿದ್ದೀರಾ?"

ಮೆಚ್ಚುಗೆ ಸಿಗುವ ಗಳಿಗೆ ಬಂತೆಂದು ಸೆರಗು ಸರಿಮಾಡಿಕೊಂಡು, ಅನುಪಾನಶಾಸ್ತ್ರವನ್ನು ನನ್ನ ಹರಕು ಹಿಂದಿಯಲ್ಲಿ ಸಾಂಗವಾಗಿ ವಿವರಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಆ ರಸ ಕುಡಿದರೆ ಈ ಮಾತ್ರೆ ಮೈಯಿಂದ ಬೇಗ ಇಳಿಯುವುದಿಲ್ಲ, ರಕ್ತದಲ್ಲೇ ಉಳಿಯುತ್ತದೆ. ಒಂದು ಕೊಟ್ಟು ನಾಲ್ಕು ನುಂಗಿಸಿದ ಹಾಗೆ! ಹೀಗೇ ಬಿಟ್ಟಿದ್ದರೆ ಕಿಡ್ನಿಗೂ ಅಪಾಯವಿತ್ತು."

ನಿಜವಾಗಿ ನರಳುತ್ತಿದ್ದ ಮನುಷ್ಯನಿಗೆ ದಿನವೂ ಬೈದು, ನನ್ನ ಕೈಯಾರೆ ಆ ರಸ ಕುಡಿಸಿದ್ದೆ. ಕಣ್ಣು ತುಂಬಿ ಬಂತು.

"ಹೋಗ್ಲಿ ಬಿಡು, ಪ್ರೀತಿಯಿಂದ ಕೊಟ್ಟದ್ದಲ್ಲವಾ" ಎಂದರು ಇವರು. ನನಗೆ ಭೂಮಿಗಿಳಿದು ಹೋಗುವಂತಾಯಿತು. ಆಮೇಲೆ ಇವರು ಡಾಕ್ಟರ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದರು: "ಭಾರ ಎಲ್ಲಿಯವರೆಗೆ ಎತ್ತಬಾರದು?"

"ನೋವು ಪೂರ್ತಿ ಹೋಗುವವರೆಗೆ."

"ಹೋಯಿತೆಂದು ತಿಳಿಯುವುದು ಹೇಗೆ?"

"ಅದನ್ನು ನೀವೇ ಹೇಳಬೇಕು."

ಮಾತ್ರೆ ಬದಲಾಯಿತು, ಚಕ್ಕೋತ ಗಡೀಪಾರಾಯಿತು. ಈಗ ಇವರು ಗೆಳೆಯರೊಡನೆ ಮನೆ ಹತ್ತಿರದ ಸರೋವರದ ಸುತ್ತ ದಂಡಯಾತ್ರೆ ಹೊರಟವರಂತೆ ಬಿರುಸಾಗಿ ನಡೆಯುತ್ತಾರೆ. ನಾನು ಚೀಲ ಹಿಡಿದು ಎದುರು ನಿಂತರೆ ಮಾತ್ರ ಮೆಲ್ಲಗೆ ತೊಡೆ ನೀವಿಕೊಂಡು, "ಇನ್ನೂ ಸ್ವಲ್ಪ ಉಂಟು ಮಾರಾಯ್ತಿ" ಎನ್ನುತ್ತಾರೆ. ಸುಳ್ಳು ಎನ್ನಲು ನನಗೆ ಬಾಯಿಲ್ಲ. ಚೀಲ ಹೊತ್ತು ಹೊತ್ತು ಈಚೆಗೆ ನನ್ನ ತೋಳೇ ಬಿದ್ದುಹೋಗುವಷ್ಟು ನೋಯುತ್ತಿದೆ. ಹೇಳಿದರೆ ಇವರು ನಂಬುವುದಿಲ್ಲ.