ವೆಂಡ್ಲಿಂಗರ ಸೈಕಲ್ ರಿಪೇರಿಯಾದ ದಿನ

ವೆಂಡ್ಲಿಂಗರ ಪಾಡು ಕೆಟ್ಟದ್ದು ಅವರ ಸೈಕಲ್ ಕೆಟ್ಟದ್ದರಿಂದಲ್ಲ, ರಿಪೇರಿಯಾದದ್ದರಿಂದ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವರು ಹೆಲ್ಮೆಟ್ ತೊಟ್ಟು ಅಂಗಳಕ್ಕಿಳಿದಾಗ ಸೈಕಲ್ಲು ಮದುವೆಗೆ ಹೊರಟ ಗಂಡಿನ ಹಾಗೆ ಥಳಥಳಿಸುತ್ತ ನಿಂತಿತ್ತು. ತುಕ್ಕು ಹೋಗಿತ್ತು, ಚೈನಿಗೆ ಎಣ್ಣೆ ಬಿದ್ದಿತ್ತು, ಟೈರುಗಳೆರಡೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಪಕ್ಕದಲ್ಲಿ ಕೆಳಗಿನ ಮನೆಯ ಮದಾಮ್ ರೀಬ್ ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ನಿವೃತ್ತರಾದ ಮೇಲೆ ಆ ಕಟ್ಟಡದ ಹದಿನಾಲ್ಕು ಮನೆಗಳ ಸೈಕಲ್ಲುಗಳನ್ನು, ಯಾರು ಕೇಳಲಿ ಬಿಡಲಿ, ಬಿಚ್ಚಿ ಜೋಡಿಸುವುದೇ ಅವರ ಕಸುಬಾಗಿತ್ತು.

“ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ ಮೊಸ್ಯೂ ವೆಂಡ್ಲಿಂಗ್. ತಳ್ಕೊಂಡು ಹೋಗ್ತೀರಿ, ತಳ್ಕೊಂಡು ಬರ್ತೀರಿ. ಒಂದಿನ ಪಂಕ್ಚರ್, ಒಂದಿನ ಬ್ರೇಕು. ನಂಗೇ ಸಾಕಾಗೋಯ್ತು. ಹತ್ತಿ ಈಗ, ಇಲ್ಲೇ ನಿಂತು ನೋಡ್ತೀನಿ.”

ಐವತ್ತೊಂದು ತುಂಬಿದ್ದ ವೆಂಡ್ಲಿಂಗರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಬೇರೆ ಊರಾಗಿದ್ದರೆ ಇದೊಂದು ದೊಡ್ಡ ಸಂಗತಿಯಲ್ಲ. ಆದರೆ ಇದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಇಲ್ಲಿ ಹಾಲುಹಲ್ಲು ಬೀಳುವ ಮೊದಲೇ ಮಕ್ಕಳು ಸೈಕಲ್ ಹತ್ತುತ್ತವೆ, ಎಂಬತ್ತರ ಅಜ್ಜಿಯರು ಬುಟ್ಟಿಯಲ್ಲಿ ಉದ್ದನೆಯ ಬ್ರೆಡ್ಡು ನಿಲ್ಲಿಸಿಕೊಂಡು ಟ್ರಾಮಿನ ಜೊತೆ ಪಂದ್ಯ ಕಟ್ಟುತ್ತಾರೆ. ಸಾಲದ್ದಕ್ಕೆ ವೆಂಡ್ಲಿಂಗರು ಕೆಲಸ ಮಾಡುತ್ತಿದ್ದುದೇ ನಗರಸಭೆಯ ಸೈಕಲ್ ವಿಭಾಗದಲ್ಲಿ. ಸವಾರರ ಕೈಪಿಡಿ ಬರೆಯುವುದು ಅವರ ಹೊಣೆ. ನಿಂತ ಕಾರಿನ ಬಾಗಿಲಿಂದ ಒಂದು ಮೀಟರ್ ದೂರವಿರಬೇಕು, ಟ್ರಾಮ್ ಹಳಿಯನ್ನು ನೇರ ಅಡ್ಡಕ್ಕೆ ದಾಟಬೇಕು ಎಂದೆಲ್ಲ ಊರಿಗೆ ಹೇಳಿಕೊಟ್ಟವರು ಅವರೇ. ಸಂದರ್ಶನದ ದಿನ “ಹೇಗೆ ಬಂದ್ರಿ” ಎಂದು ಯಾರೋ ಕೇಳಿದ್ದಕ್ಕೆ, ನಡೆದು ಬಂದವರು ಬಾಯಿತಪ್ಪಿ “ಸೈಕಲ್ಲಲ್ಲಿ” ಎಂದುಬಿಟ್ಟಿದ್ದರು. ಆ ಒಂದು ಮಾತನ್ನು ಉಳಿಸಿಕೊಳ್ಳಲು ಮರುದಿನವೇ ಹಳೆಯ ಸೈಕಲ್ಲೊಂದನ್ನು ಕೊಂಡು, ಅಂದಿನಿಂದ ತಳ್ಳುತ್ತಿದ್ದರು. ಗುಟ್ಟು ಹೊರಬಿದ್ದರೆ ಊರು ನಕ್ಕೀತು, ಕೈಪಿಡಿಯನ್ನು ಮೀನು ಕಟ್ಟಲು ಬಳಸೀತು, ಕೆಲಸವೂ ಹೋದೀತು. ಅವರಿಗೆ ಈ ಭಯ ನಿಜವಾಗಿಯೂ ಇತ್ತು.

ಭಯದ ಜೊತೆಗೆ ಒಂದು ಕುತೂಹಲವೂ ಇತ್ತು. ನಿಲ್ಲಿಸಿದರೆ ಬೀಳುವ ವಸ್ತು ಓಡಿದರೆ ಏಕೆ ಬೀಳುವುದಿಲ್ಲ ಎಂಬುದನ್ನು ಅವರು ಆರು ಪುಸ್ತಕಗಳಲ್ಲಿ ಓದಿದ್ದರು. ಸೇತುವೆಯ ಇಳಿಜಾರಿನಲ್ಲಿ ಜನ ಏಕೆ ತಮ್ಮಷ್ಟಕ್ಕೆ ನಗುತ್ತಾರೆ ಎಂಬುದನ್ನು ಮಾತ್ರ ಯಾವ ಪುಸ್ತಕವೂ ಹೇಳಿರಲಿಲ್ಲ.

ಓಣಿಯ ತುಂಬ ಒದ್ದೆ ಕಲ್ಲುಹಾಸು, ಇಂಥ ಕಡೆ ತಳ್ಳಿಕೊಂಡು ಹೋಗಬೇಕೆಂದು ಕೈಪಿಡಿಯ ಒಂಬತ್ತನೇ ಪುಟದಲ್ಲಿದೆ ಎಂದು ಹೇಳಿ ಅವರು ನಡೆಯತೊಡಗಿದರು. ಮದಾಮ್ ರೀಬ್ ಬಿಡಲಿಲ್ಲ, ಜೊತೆಗೇ ಬಂದರು. ಕಲ್ಲುಹಾಸು ಮುಗಿಯಿತು. ಟ್ರಾಮ್ ಹಳಿ ಬಂತು, ಅದಕ್ಕೆ ಹನ್ನೆರಡನೇ ಪುಟ. ಹಳಿಯೂ ಮುಗಿದಾಗ ವೆಂಡ್ಲಿಂಗರು ಬೆವರಿದರು. ಆ ಹೆಂಗಸು ಅವರ ಮುಖ ನೋಡದೆ ಕಾಲುಗಳನ್ನೇ ನೋಡುತ್ತಿದ್ದುದು ಅವರಿಗೆ ವಿಚಿತ್ರವಾಗಿ ಕಂಡಿತು. ಅಷ್ಟರಲ್ಲಿ ದೇವರ ಹಾಗೆ ಎದುರಾದದ್ದು ನದಿಯ ಕಿರುಸೇತುವೆ ಮತ್ತು ಅದರ ತಲೆಯಲ್ಲಿದ್ದ ಫಲಕ: ಸೈಕಲ್ ಸವಾರರು ಇಳಿದು ನಡೆಯಬೇಕು. ಮದಾಮ್ ರೀಬ್ ಮುಖ ಬಾಡಿಸಿಕೊಂಡು ಮನೆಗೆ ಮರಳಿದರು.

ಆ ಫಲಕಕ್ಕೆ ಊರಿನಲ್ಲಿ ಯಾರೂ ಕವಡೆಯ ಬೆಲೆ ಕೊಡುತ್ತಿರಲಿಲ್ಲ. ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಇನ್ನೊಂದನ್ನು ಗಾಳಿಯಲ್ಲಿ ತೂಗಾಡಿಸುತ್ತ, ಇಳಿದಂತೆಯೂ ಇಳಿಯದಂತೆಯೂ ಜಾರಿಹೋಗುವುದು ಇಲ್ಲಿನ ಪದ್ಧತಿ. ಆ ಗುಂಪಿನ ನಡುವೆ ವೆಂಡ್ಲಿಂಗರೊಬ್ಬರೇ ನೆಟ್ಟಗೆ ನಡೆದು ದಾಟಿದರು. ಆಚೆ ಬದಿಯಲ್ಲಿ ಪುಸ್ತಕ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಅವರನ್ನು ತಡೆದು ಹೆಸರು, ಕೆಲಸ ಕೇಳಿದಳು. ದಂಡವೆಂದೇ ತಿಳಿದ ವೆಂಡ್ಲಿಂಗರು ಎರಡನ್ನೂ ಹೇಳಿದರು.

ಕಚೇರಿಯಲ್ಲಿ ಇನ್ನೊಂದು ತಲೆನೋವು ಕಾದಿತ್ತು. ‘ಸುರಕ್ಷಿತವಾಗಿ, ಸಂತೋಷವಾಗಿ’ ಎಂಬ ಹೊಸ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. ಸುರಕ್ಷಿತಕ್ಕೆ ಮೂವತ್ತೊಂಬತ್ತು ಪುಟ ತುಂಬಿದೆ, ಸಂತೋಷದ ಪುಟ ಖಾಲಿಯಿದೆಯಲ್ಲ ಎಂದು ಮೇಲಧಿಕಾರಿ ಕ್ಲೋತಿಲ್ದ್ ಬೇಸರಪಟ್ಟರು. ವೆಂಡ್ಲಿಂಗರು ಪಕ್ಕದ ಮೇಜಿನ ಬಾಸ್ತಿಯಾಂನನ್ನು ಮೆಲ್ಲಗೆ ಕೇಳಿದರು, ಇಳಿಜಾರಿನಲ್ಲಿ ಹೋಗುವಾಗ ಅವನಿಗೆ ಏನನ್ನಿಸುತ್ತದೆ ಎಂದು.

“ಏನನ್ಸತ್ತೆ ಅಂದ್ರೆ? ಹೋಗ್ತೀನಿ ಅನ್ಸತ್ತೆ,” ಎಂದ ಬಾಸ್ತಿಯಾಂ. “ಅಲ್ರೀ, ಉಸಿರಾಡೋವಾಗ ಏನನ್ಸತ್ತೆ ಅಂತ ಕೇಳಿದ ಹಾಗಾಯ್ತು. ನಿಮ್ಗೇನನ್ಸತ್ತೆ, ಅದನ್ನೇ ಬರೀರಿ.”

ಮಧ್ಯಾಹ್ನ ಫೋನು ಬಂತು. ಸೈಕಲ್ ಸುರಕ್ಷತಾ ದಿನದ ಅಂಗವಾಗಿ ಬೆಳಿಗ್ಗೆಯಿಂದ ಊರಿನ ಏಳು ಕಡೆ ಸವಾರರನ್ನು ಗಮನಿಸಲಾಗಿತ್ತು. ನಿಯಮದಂತೆ ಪೂರ್ತಿ ಇಳಿದು ನಡೆದವರು ಒಬ್ಬರೇ ಸಿಕ್ಕಿದ್ದರಂತೆ. ನಾಲ್ಕು ಗಂಟೆಗೆ ಊರಿನ ಚೌಕದಲ್ಲಿ ಉಪಮೇಯರ್ ವೆಂಡ್ಲಿಂಗರಿಗೆ ಮಾದರಿ ಸವಾರನ ಹೆಗಲಪಟ್ಟಿ ತೊಡಿಸುತ್ತಾರೆ, ಬಳಿಕ ಅವರು ಎಲ್ಲರ ಮುಂದೆ ಚೌಕಕ್ಕೆ ಒಂದು ಸುತ್ತು ಹಾಕಬೇಕು. ಕಚೇರಿಯೇ ಚಪ್ಪಾಳೆ ತಟ್ಟಿತು. ಬಾಸ್ತಿಯಾಂ ಅವರ ಬೆನ್ನು ತಟ್ಟಿದ. ಹೊಟ್ಟೆನೋವು, ಕಾಲುನೋವು, ದೂರದ ಬಂಧುವಿನ ಸಾವು, ವೆಂಡ್ಲಿಂಗರು ಏನು ಹೇಳಿದರೂ ಕ್ಲೋತಿಲ್ದ್ ಅದನ್ನು ವಿನಯವೆಂದೇ ತಿಳಿದರು.

ನಾಲ್ಕು ಗಂಟೆಗೆ ಕೆಂಪು ಪಟ್ಟಿ ತೊಟ್ಟು, ಸೈಕಲ್ಲಿನ ಕೈ ಹಿಡಿದು ಅವರು ಮುನ್ನೂರು ಜನರ ಎದುರು ನಿಂತಿದ್ದರು. ಉಪಮೇಯರ್ “ಹತ್ತಿ ಮೊಸ್ಯೂ” ಎಂದರು. ಜನ ದಾರಿ ಬಿಟ್ಟರು. ವೆಂಡ್ಲಿಂಗರು ಕೊನೆಯದಾಗಿ ಆಕಾಶ ನೋಡಲು ತಲೆಯೆತ್ತಿದಾಗ ಕಣ್ಣಿಗೆ ಬಿದ್ದದ್ದು, ಮರದ ಕೊಂಬೆಯ ಹಿಂದೆ ಅರ್ಧ ಮರೆಯಾಗಿದ್ದ ನೀಲಿ ಫಲಕ.

“ಕ್ಷಮಿಸ್ಬೇಕು,” ಎಂದರು ಅವರು. “ಈ ಚೌಕದಲ್ಲಿ ಸೈಕಲ್ ಹತ್ತೋ ಹಾಗಿಲ್ಲ. ಇಳಿದೇ ನಡೀಬೇಕು.”

ಉಪಮೇಯರ್ ಫಲಕ ನೋಡಿದರು, ಕೆಂಪಗಾದರು, ಅನಂತರ ವೆಂಡ್ಲಿಂಗರನ್ನು ತಬ್ಬಿಕೊಂಡರು. ವೆಂಡ್ಲಿಂಗರು ಸೈಕಲ್ ತಳ್ಳುತ್ತ ಗಂಭೀರವಾಗಿ ಚೌಕ ಸುತ್ತಿದರು, ಹಿಂದೆ ಮುನ್ನೂರು ಜನ ತಮ್ಮ ತಮ್ಮ ಸೈಕಲ್ ತಳ್ಳುತ್ತ ಸುತ್ತಿದರು. ಬದುಕಿದೆಯಾ ಬಡಜೀವವೇ ಎಂದುಕೊಳ್ಳುವಷ್ಟರಲ್ಲಿ ಉಪಮೇಯರ್ ಮೈಕು ಹಿಡಿದರು. ವಯಸ್ಕರಿಗೆ ಸೈಕಲ್ ಕಲಿಸುವ ಶಾಲೆಯ ಶಿಕ್ಷಕಿ ನಿನ್ನೆಯಿಂದ ರಜೆ ಹಾಕಿದ್ದಾರೆ, ಇಂದು ಸಂಜೆ ಆರಕ್ಕೆ ಹೊಸ ತಂಡದ ಮೊದಲ ಪಾಠ, ಅದಕ್ಕೆ ಇಂಥವರಿಗಿಂತ ತಕ್ಕ ಗುರು ಯಾರಿದ್ದಾರೆ ಎಂದು ಕೇಳಿದರು. ಮುನ್ನೂರು ಜನ “ಯಾರೂ ಇಲ್ಲ” ಎಂದರು.

ಇನ್ನು ಸಾಕು, ಎಲ್ಲವನ್ನೂ ಒಪ್ಪಿಕೊಂಡು ಬಿಡುತ್ತೇನೆ, ಕಲಿಯುವವರ ಸಾಲಿನಲ್ಲೇ ನಿಲ್ಲುತ್ತೇನೆ ಎಂದು ನಿರ್ಧರಿಸಿಕೊಂಡೇ ವೆಂಡ್ಲಿಂಗರು ಆರಕ್ಕೆ ಸೈಕಲ್ ತಳ್ಳಿಕೊಂಡು ಶಾಲೆಯ ಅಂಗಳಕ್ಕೆ ಬಂದರು. ಹಾಗೆ ನಿರ್ಧರಿಸಿದ್ದರಿಂದ ಮನಸ್ಸು ಹಗುರಾಗಿತ್ತು. ಹಳದಿ ಅಂಗಿ ತೊಟ್ಟ ಐದು ಜನ ಸಾಲಾಗಿ ನಿಂತಿದ್ದರು. ಕೊನೆಯಲ್ಲಿದ್ದವರು ಹೆಲ್ಮೆಟ್ಟನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದರು. ಆದರೂ ಎಣ್ಣೆಯ ಕರೆಗಟ್ಟಿದ ಆ ಕೈಗಳನ್ನು ಗುರುತಿಸದಿರಲು ಸಾಧ್ಯವಿರಲಿಲ್ಲ.

“ಮದಾಮ್ ರೀಬ್?”

“ಮೆಲ್ಲಗೆ ಮಾತಾಡಿ,” ಎಂದರು ಮದಾಮ್ ರೀಬ್, ಅವರನ್ನು ಪಕ್ಕಕ್ಕೆಳೆದು. “ಊರವರ ಸೈಕಲ್ಲೆಲ್ಲಾ ಬಿಚ್ಚಿದೀನಿ, ಒಂದರ ಮೇಲೂ ಕೂತಿಲ್ಲ. ಹತ್ತೋವಾಗ ಯಾವ ಕಾಲು ಮೊದಲು ಅಂತಾನೂ ಗೊತ್ತಿಲ್ಲ ನಂಗೆ. ಎಲ್ರೂ ಸರ್ರಂತ ಹೋಗ್ಬಿಡ್ತಾರೆ, ಕಾಣ್ಸೋದೇ ಇಲ್ಲ. ನೀವು ನಿಧಾನದ ಮನುಷ್ಯರು, ನಿಮ್ಮನ್ನ ನೋಡಿ ತಿಳ್ಕೊಳ್ಳೋಣ ಅಂತ ರಾತ್ರಿಯೆಲ್ಲಾ ಕೂತು ರಿಪೇರಿ ಮಾಡಿದ್ದು. ನೀವು ಹತ್ತಲೇ ಇಲ್ಲ. ಇವತ್ತು ಕಲಿಸೋರು ಬೇರೆಯವರಾಗಿದ್ರೆ ವಾಪಸ್ ಹೋಗ್ತಿದ್ದೆ. ನೀವಿದೀರಿ ಅಂತ ಧೈರ್ಯ ಬಂತು.”

ವೆಂಡ್ಲಿಂಗರ ನಾಲಗೆಯ ತುದಿಗೆ ಬಂದಿದ್ದ ಸತ್ಯ ಹಾಗೆಯೇ ಗಂಟಲೊಳಕ್ಕೆ ಇಳಿಯಿತು. ಈಕೆಯ ಧೈರ್ಯ ಕಸಿದುಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ.

ಅವರು ಬಾಯಿಪಾಠವಾಗಿದ್ದ ಕೈಪಿಡಿಯಂತೆ ಪಾಠ ಶುರು ಮಾಡಿದರು. ಪೆಡಲುಗಳನ್ನು ಬಿಚ್ಚಿಸಿದರು, ಅದು ಮದಾಮ್ ರೀಬ್ ಕೈಯಲ್ಲಿ ಎರಡು ನಿಮಿಷದ ಕೆಲಸ. ಸೀಟು ತಗ್ಗಿಸಿದರು. ಕಾಲಿಂದ ನೆಲ ಒದ್ದು ಸಾಗಿ, ಚಕ್ರ ನೋಡಬೇಡಿ, ದೂರದ ಗೋಡೆ ನೋಡಿ ಎಂದರು. ಮುಕ್ಕಾಲು ಗಂಟೆಯಲ್ಲಿ ಐವರೂ ತೇಲತೊಡಗಿದರು. ಪೆಡಲು ಮತ್ತೆ ಹಾಕಿದಾಗ ಮದಾಮ್ ರೀಬ್ ವಾಲಾಡುತ್ತ, ಸರಿಯಾಗುತ್ತ, ಅಂಗಳವನ್ನು ಇಡೀ ಒಂದು ಸುತ್ತು ಸುತ್ತಿದರು. ಅವರು ತಮ್ಮಷ್ಟಕ್ಕೆ ನಗುತ್ತಿದ್ದರು. ವೆಂಡ್ಲಿಂಗರು ಕಾಗದ ಪೆನ್ಸಿಲು ಹಿಡಿದು ಅವರ ಪಕ್ಕದಲ್ಲೇ ಓಡಿದರು.

“ಏನನ್ಸತ್ತೆ ಮದಾಮ್? ದಯವಿಟ್ಟು ಹೇಳಿ, ಏನನ್ಸತ್ತೆ?”

“ಯಾರೋ ಹಿಂದೆ ಹಿಡ್ಕೊಂಡಿದಾರೆ ಅನ್ಸತ್ತೆ,” ಎಂದರು ಮದಾಮ್ ರೀಬ್ ಏದುಸಿರಿನಲ್ಲಿ. “ತಿರುಗಿ ನೋಡಿದ್ರೆ ಯಾರೂ ಇಲ್ಲ.”

ವೆಂಡ್ಲಿಂಗರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಸಂತೋಷದ ಪುಟ ತುಂಬಿತು. ಅವರಿಗೆ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮದಾಮ್ ರೀಬ್ ಇಳಿದು ಬಂದು ಉಳಿದ ನಾಲ್ವರನ್ನೂ ಕೂಗಿ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದರು. ಹತ್ತುವ ಕ್ರಮ ತಮಗಿನ್ನೂ ಸರಿಯಾಗಿ ತಿಳಿದಿಲ್ಲ, ಗುರುಗಳು ಈಗ ಒಂದು ಸುತ್ತು ಹೊಡೆದು ತೋರಿಸಲಿ ಎಂದರು. ಹತ್ತು ಕಣ್ಣುಗಳು ವೆಂಡ್ಲಿಂಗರ ಕಾಲುಗಳ ಮೇಲೆ ನೆಟ್ಟವು. ಅಲ್ಲಿ ಕಲ್ಲುಹಾಸಿರಲಿಲ್ಲ, ಹಳಿ ಇರಲಿಲ್ಲ. ಅವರು ನಾಲ್ಕೂ ಗೋಡೆಗಳನ್ನು ನೋಡಿದರು, ಎಲ್ಲೂ ಒಂದು ಫಲಕವಿರಲಿಲ್ಲ.

ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಅವರು ತಮ್ಮ ಸೈಕಲ್ಲಿನ ಹಿಂದಿನ ಚಕ್ರದ ಬಳಿ ಬಗ್ಗಿದರು. ಹನ್ನೊಂದು ವರ್ಷ ಪಳಗಿದ ಬೆರಳುಗಳು ತಾವಾಗಿಯೇ ವಾಲ್ವ್ ಹುಡುಕಿಕೊಂಡವು. ಸುಯ್ ಎಂದು ಗಾಳಿ ಹೋಯಿತು. ವೆಂಡ್ಲಿಂಗರು ಎದ್ದುನಿಂತು, ಮುಖದಲ್ಲಿ ಸಾಧ್ಯವಾದಷ್ಟು ದುಃಖ ತಂದುಕೊಂಡು, ಟೈರಿನತ್ತ ಕೈ ತೋರಿಸಿದರು.

“ನೋಡಿ ಮದಾಮ್, ನನ್ನ ಹಣೆಬರಹ.”

“ಅದಕ್ಯಾಕೆ ಅಷ್ಟು ಬೇಜಾರು ಮಾಡ್ಕೋತೀರಿ,” ಎಂದು ಮದಾಮ್ ರೀಬ್ ತಮ್ಮ ಚೀಲದಿಂದ ಪಂಪು ಹೊರತೆಗೆದರು.